ಗೋಡೆಯಲ್ಲಿದ್ದ ಎರಡನೇ ವೈರು

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ ಇದೆ. ಆ ರಸ್ತೆಗೆ ಹೋಗಬೇಕಾದರೆ ಈಗಲೂ ನಾನು ಗಾಡಿ ಸ್ವಲ್ಪ ಜೋರಾಗೇ ಓಡಿಸುತ್ತೇನೆ.

ಮನೆಗಳಿಗೆ ಇಂಟರ್‌ನೆಟ್ ವೈರು ಎಳೆಯುವುದು ನನ್ನ ಕೆಲಸ. ಅಲ್ಲಿನ ಕೆಲಸ ಏನೂ ದೊಡ್ಡದಿರಲಿಲ್ಲ. ಕೆಳಗೆ ಓಎನ್‌ಟಿ (ಫೈಬರ್ ಲೈನ್ ಬಂದು ಸೇರುವ ಇಂಟರ್‌ನೆಟ್ ಡಬ್ಬಿ) ಪಕ್ಕ, ಒಂದು ಲೈನನ್ನು ಹಲವು ವೈರಿಗೆ ಹಂಚುವ 8 ಪೋರ್ಟಿನ ಸ್ವಿಚ್ ಇತ್ತು. ಮೇಲಿನ ಹಾಲಿನಲ್ಲಿ ಟಿವಿ, ಆ ಮನೆಯ ಮಗಳ ಲ್ಯಾಪ್‌ಟಾಪ್, ವೈಫೈ ಕೊಡುವ ಒಂದು ಆಕ್ಸೆಸ್ ಪಾಯಿಂಟ್, ಈ ಮೂರಕ್ಕೂ ವೈರು ಬೇಕಿತ್ತು. ಒಂದು ಕ್ಯಾಟ್ 6 ನೆಟ್‌ವರ್ಕ್ ವೈರು ಎಳೆದು ಮೇಲೆ 5 ಪೋರ್ಟಿನ ಸ್ವಿಚ್ ಕೂರಿಸಿದರೆ ಆಯ್ತು. ಮಧ್ಯಾಹ್ನ 3 ಗಂಟೆಗೆಲ್ಲ ವೈರಿನ ತುದಿಗೆ ಪ್ಲಗ್ ಕ್ರಿಂಪ್ ಮಾಡಿ, ಟೆಸ್ಟರ್‌ನಲ್ಲಿ 8 ಲೈಟೂ ನೋಡಿ, ಎಲ್ಲ ಓಡಿಸಿಯೂ ತೋರಿಸಿದ್ದೆ. ಟಿವಿಯಲ್ಲಿ ಸ್ಪೀಡ್ 94 ಎಂಬಿಪಿಎಸ್ ಅಂತ ಬಂತು, 300ರ ಪ್ಲಾನ್ ಹಾಕಿಸಿದ್ದೇನಲ್ಲಪ್ಪ ಅಂದರು ಮನೆಯವರು. ಟಿವಿಯ ಪೋರ್ಟೇ 100ರದ್ದು ಸಾರ್ ಅಂದೆ. ನಂಬಲಿಲ್ಲ. ಯಾರೂ ನಂಬುವುದಿಲ್ಲ.

ಆಮೇಲೆ ಕಣ್ಣಿಗೆ ಬಿದ್ದದ್ದು ಟಿವಿ ಹಿಂದಿನ ಗೋಡೆಯಲ್ಲಿ ನೇತಾಡುತ್ತಿದ್ದ ಇನ್ನೊಂದು ವೈರು. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ಎಳೆದದ್ದು. ತುದಿಯಲ್ಲಿ ಆರ್‌ಜೆ 45 ಪ್ಲಗ್ ಇದೆ, ಲೇಬಲ್ ಇಲ್ಲ. ವೈರಿನ ಇನ್ನೊಂದು ತುದಿ ಎಲ್ಲಿದೆ ಅಂತ ಹುಡುಕುವ ಟೋನರ್ ಹಾಕಿ ನೋಡೋಣ ಅಂದರೆ ಅದರ ಬ್ಯಾಟರಿ ಸತ್ತು ಎರಡು ತಿಂಗಳಾಗಿತ್ತು. ಒಂದು 9 ವೋಲ್ಟ್ ಬ್ಯಾಟರಿಗೂ ನಮ್ಮ ಆಫೀಸಿನಲ್ಲಿ ಅಪ್ರೂವಲ್ ಬೇಕು. ಟೆರೇಸಿನ ಕ್ಯಾಮೆರಾಗೆ ಅಂತ ಬಿಟ್ಟಿರಬೇಕು, ಮುಂದೆ ಬೇಕಾಗುತ್ತೆ, ಸುಮ್ನೆ ಯಾಕೆ ನೇತಾಡಬೇಕು ಅಂದುಕೊಂಡು ಖಾಲಿ ಇದ್ದ ಐದನೇ ಪೋರ್ಟಿಗೆ ಸಿಕ್ಕಿಸಿದೆ. ನೋಡುವುದಕ್ಕೂ ಅಚ್ಚುಕಟ್ಟಾಗಿತ್ತು.

ಎರಡೇ ನಿಮಿಷ. ಟಿವಿ ನಿಂತಿತು. ಮೇಲೆ ಕೆಳಗೆ ಎರಡೂ ಕಡೆ ವೈಫೈ ನಿಂತಿತು. ಮಗಳು ರೂಮಿನಿಂದ ಓಡಿ ಬಂದಳು. 4 ಗಂಟೆಗೆ ಅವಳಿಗೆ ಇಂಟರ್‌ವ್ಯೂ ಅಂತೆ! ಮೊದಲೇ ಹೇಳಬಾರದಾ ಅನ್ನಿಸಿತು, ಹೇಳಲಿಲ್ಲ. ಗಡಿಯಾರದಲ್ಲಿ 3:25.

ಓಎನ್‌ಟಿ, ಅದರ ಪಕ್ಕದ ಸ್ವಿಚ್ ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಒಂದರ್ಧ ನಿಮಿಷ ನೆಟ್ ಬಂತು, ಮತ್ತೆ ಹೋಯಿತು. ಮತ್ತೆ ರೀಬೂಟ್, ಮತ್ತೆ ಅದೇ ಕಥೆ. ಬಂದು ಬಂದು ಹೋಗುತ್ತಿದೆ ಅಂದರೆ ಓಎನ್‌ಟಿ ಬಿಸಿಯಾಗಿ ಕೂತಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ ಆ ಹುಡುಗಿ, ಲೈನ್ ಸರಿ ಇದೆ ಸಾರ್, ಲ್ಯಾನ್ ವೈರೆಲ್ಲ ಬಿಚ್ಚಿ ಒಂದ್ಸಲ ನೋಡಿ ಅಂದಳು. ನನಗೆ ಕೋಪ ಬಂತು. ನನ್ನ ಕಡೆ ಎಲ್ಲ ಟೆಸ್ಟ್ ಮಾಡಿದೀನಮ್ಮ, ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಅಂದೆ. ಮನೆಯವರ ಎದುರಿಗೇ, ಜೋರಾಗಿ. ಅಷ್ಟರಲ್ಲಿ 3:45. ಮಗಳು ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತಾ ಟೆರೇಸ್ ಮೆಟ್ಟಿಲು ಹತ್ತುತ್ತಿದ್ದಳು. ಆಂಟಿ ಕೊಟ್ಟ ಕಾಫಿ ಕಿಟಕಿ ಮೇಲೆ ಆರುತ್ತಿತ್ತು.

ಜೊತೆಗೆ ಬಂದಿದ್ದ ಹುಡುಗ ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಕೆಳಗಿನ ಸ್ವಿಚ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು, "ಅಣ್ಣ, ನೆಟ್ಟೇ ಇಲ್ಲ ಅಂತೀಯ, ಲೈಟ್ ಯಾಕೆ ಹಿಂಗೆ ಹೊಡ್ಕೋತಿವೆ?" ಅಂದ. ಸುಮ್ನಿರೋ ಅಂದೆ. ಅಂದಮೇಲೆ ನೋಡಿದೆ. ವೈರು ಹಾಕಿದ್ದ ಅಷ್ಟೂ ಪೋರ್ಟಿನ ಲೈಟು ಒಟ್ಟಿಗೆ, ಉಸಿರೇ ಬಿಡದಂತೆ ಮಿನುಗುತ್ತಿದ್ದವು. ಆರನೇ ಪೋರ್ಟಿನಿಂದ ಧೂಳು ಹಿಡಿದ ಒಂದು ವೈರು ಗೋಡೆಯೊಳಗೆ ಹೋಗಿತ್ತು.

ಹೊಟ್ಟೆಯೊಳಗೆ ತಣ್ಣಗಾಯಿತು. ಅದೇ ವೈರು! ಟೆರೇಸಿಗೆ ಹೋಗಿಯೇ ಇರಲಿಲ್ಲ, ಕೆಳಗಿನಿಂದ ಮೇಲಿನ ಹಾಲಿಗೆ ಬಂದಿತ್ತು. ಎರಡು ಸ್ವಿಚ್ ನಡುವೆ ಎರಡು ದಾರಿ ಮಾಡಿ ಕೂತಿದ್ದೆ. ಒಂದು ಬ್ರಾಡ್‌ಕಾಸ್ಟ್, ಅಂದರೆ ಎಲ್ಲ ಪೋರ್ಟಿಗೂ ಹೋಗುವ ಸಂದೇಶ, ಒಳಗೆ ಬಿದ್ದರೆ ಸಾಕು, ಇದರಿಂದ ಹೋಗಿ ಅದರಿಂದ ಬಂದು ಸುತ್ತುತ್ತಲೇ ಇರುತ್ತದೆ, ಸಾಯುವುದೇ ಇಲ್ಲ. ರೀಬೂಟ್ ಆದ ಮೇಲೆ ಅರ್ಧ ನಿಮಿಷ ನೆಟ್ ಬಂದದ್ದೂ ಅದಕ್ಕೇ, ಸುತ್ತು ಶುರುವಾಗುವ ತನಕ. ಇಂಥ ಸುತ್ತನ್ನು, ಅಂದರೆ ಲೂಪ್ ಅನ್ನು, ಪತ್ತೆ ಹಚ್ಚಿ ತಡೆಯುವ ಸ್ವಿಚ್‌ಗಳೂ ಇವೆ. ಬೆಲೆ ಸ್ವಲ್ಪ ಜಾಸ್ತಿ, ನಮ್ಮ ಕೊಟೇಷನ್‌ನಲ್ಲಿ ಮೊದಲು ಹೊಡೆದುಹಾಕುವುದೇ ಅದನ್ನು.

ವೈರು ಕಿತ್ತೆ. ಲೈಟುಗಳು ಸಮಾಧಾನವಾದವು. 3:52. ಮಗಳನ್ನು ಕೂಗಿ ಕರೆದೆವು.

ಏನಾಗಿತ್ತಪ್ಪ ಅಂತ ಮನೆಯವರು ಕೇಳಿದರು. ಹಳೇ ವೈರಿಂದು ಸಣ್ಣ ತೊಂದರೆ ಸಾರ್ ಅಂದೆ. ಸುಳ್ಳೇನೂ ಅಲ್ಲ ಅಲ್ವಾ. ಹುಡುಗ ನನ್ನ ಮುಖ ನೋಡಿ ಆಚೆ ತಿರುಗಿದ. ಆ ಕಾಲ್ ಸೆಂಟರ್ ಹುಡುಗಿಗೆ ಮಾತ್ರ ಏನೂ ಹೇಳಲಾಗಲಿಲ್ಲ.

ಬ್ಯಾಟರಿ ಆಫೀಸಿನಿಂದ ಇನ್ನೂ ಬಂದಿಲ್ಲ, ನನ್ನ ದುಡ್ಡಲ್ಲೇ ತಗೊಂಡೆ. ಯಾವ ಮನೆಗೆ ಹೋದರೂ, ನಾನು ಗ್ರಾಹಕರ ಎದುರಿಗೆ ದೊಡ್ಡದಾಗಿ ಮಾತಾಡಲು ಶುರು ಮಾಡಿದರೆ ಆ ಹುಡುಗ ಮೆಲ್ಲಗೆ ಕೇಳುತ್ತಾನೆ, "ಅಣ್ಣ, ಲೈಟ್ ನೋಡಿದ್ಯಾ?"