ಎಂಜಿನ್ ಬಿಚ್ಚಿಸಲಾ, ಗಾಡಿ ಮಾರಿಬಿಡಲಾ?

ಈ ಪ್ರಶ್ನೆ ನನಗೆ ಸಾಮಾನ್ಯವಾಗಿ ಬರುವುದು ಬೆಳಗಿನ ಹೊತ್ತು. ಗಾಡಿ ಹಿಂದಿನ ದಿನ ಕೈಕೊಟ್ಟಿರುತ್ತದೆ. ಮೆಕ್ಯಾನಿಕ್ ನೋಡಿ ಒಂದು ದೊಡ್ಡ ಮೊತ್ತ ಹೇಳಿರುತ್ತಾನೆ. ಮಾಲೀಕರಿಗೆ ರಾತ್ರಿ ನಿದ್ದೆ ಬಂದಿರುವುದಿಲ್ಲ. "ಇಷ್ಟು ಹಾಕಿ ರಿಪೇರಿ ಮಾಡಿಸಲಾ, ಇಲ್ಲ ಬಂದಷ್ಟಕ್ಕೆ ಕೊಟ್ಟುಬಿಡಲಾ?" ಅಂತ ಫೋನ್ ಮಾಡುತ್ತಾರೆ. ಲಾರಿ, ಟಿಪ್ಪರ್, ಲೋಡರ್, ಜನರೇಟರ್, ಯಾವುದೇ ಇರಲಿ, ಪ್ರಶ್ನೆ ಮಾತ್ರ ಇದೇ. ಡೀಸೆಲ್ ಗಾಡಿಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಒಂದೇ ಮಾತು. ಈ ದುಡ್ಡಿಗೆ ನಿಮಗೆ ಇನ್ನೂ ಎಷ್ಟು ಗಂಟೆ ಕೆಲಸ ಸಿಗುತ್ತೆ? ಹೆಚ್ಚಿನವರು ಅಲ್ಲಿ ಸುಮ್ಮನಾಗುತ್ತಾರೆ. ರಿಪೇರಿಗೆ ಎಷ್ಟು ಎಂದು ಗೊತ್ತು, ಗಾಡಿ ಎಷ್ಟಕ್ಕೆ ಹೋಗುತ್ತೆ ಎಂದೂ ಗೊತ್ತು. ಗಂಟೆ ಮಾತ್ರ ಯಾರೂ ಕೇಳಿರುವುದಿಲ್ಲ.

ರಿಪೇರಿ ಖರ್ಚು ಗಾಡಿ ಬೆಲೆಯ ಅರ್ಧ ದಾಟಿದರೆ ಮಾರಿಬಿಡು ಅಂತ ಒಂದು ಲೆಕ್ಕ ಬಾಯಿಂದ ಬಾಯಿಗೆ ಓಡಾಡುತ್ತದೆ. ನೆನಪಿಟ್ಟುಕೊಳ್ಳಲು ಸುಲಭ, ಅಷ್ಟೇ. ಬೆಲೆಯ ಕಾಲು ಭಾಗ ಹಾಕಿ ಮೂರು ತಿಂಗಳು ಓಡಿಸಿದರೆ ಅದು ದಂಡ. ಮುಕ್ಕಾಲು ಭಾಗ ಹಾಕಿ ಐದು ವರ್ಷ ನಿಶ್ಚಿಂತೆಯಿಂದ ದುಡಿಸಿದರೆ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಹೊಸ ಗಾಡಿಗೆ 300 ಎಂದಿಟ್ಟುಕೊಳ್ಳಿ. ಸೊನ್ನೆಗಳನ್ನು ನೀವೇ ಸೇರಿಸಿಕೊಳ್ಳಿ. ನಿಮ್ಮ ಹಳೇ ಗಾಡಿ ಕೆಟ್ಟು ನಿಂತ ಸ್ಥಿತಿಯಲ್ಲೇ 60ಕ್ಕೆ ಹೋಗುತ್ತೆ. ರಿಪೇರಿಗೆ 40. ಇಲ್ಲೇ ಮೊದಲ ತಪ್ಪಾಗುವುದು. ಹಾಕುತ್ತಿರುವುದು ಬರೀ 40 ಅಂತ ಅನಿಸುತ್ತದೆ. ಆದರೆ ಇವತ್ತು ಕೈಗೆ ಬರಬೇಕಿದ್ದ 60ನ್ನೂ ನೀವು ಬಿಡುತ್ತಿದ್ದೀರಿ. ಅಂದರೆ ಆ ಗಾಡಿಯನ್ನು 100 ಕೊಟ್ಟು ಹೊಸದಾಗಿ ಕೊಂಡ ಹಾಗೆ. ಹಿಂದೆ ಅದಕ್ಕೆ ಎಷ್ಟು ಸುರಿದಿದ್ದಿರಿ, ಪುಸ್ತಕದಲ್ಲಿ ಸವಕಳಿ ಕಳೆದು ಎಷ್ಟು ಉಳಿದಿದೆ, ಇವೆರಡೂ ಇಲ್ಲಿ ಬರುವುದಿಲ್ಲ.

ರಿಪೇರಿಯಾದ ಮೇಲೆ 4,000 ಗಂಟೆ ಓಡಿ, ಕೊನೆಗೆ 40ಕ್ಕೆ ಮಾರಾಟವಾಗುತ್ತೆ ಎನ್ನಿ. ಕರಗಿದ್ದು 60, ಸಾವಿರ ಗಂಟೆಗೆ 15. ಹಳೇ ಗಾಡಿ ಅಂದಮೇಲೆ ಸಣ್ಣಪುಟ್ಟ ರಿಪೇರಿ, ನಿಂತ ದಿನಗಳ ನಷ್ಟ ಸೇರಿ ಇನ್ನೊಂದು 10. ವರ್ಷಕ್ಕೆ 2,000 ಗಂಟೆ ಓಡಿಸುವವರಾದರೆ, 100 ಮತ್ತು 40ರ ಸರಾಸರಿ 70ರ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತರ ಲೆಕ್ಕದಲ್ಲಿ ಬಡ್ಡಿ ಸಾವಿರ ಗಂಟೆಗೆ ಮೂರೂವರೆ. ಒಟ್ಟು 28.5. ಇನ್ನು ಹೊಸದು. 10,000 ಗಂಟೆ ಓಡಿಸಿ 120ಕ್ಕೆ ಮಾರಿದರೆ ಸಾವಿರ ಗಂಟೆಗೆ 18, ರಿಪೇರಿ 4, ಬಡ್ಡಿ ಹತ್ತೂವರೆ. ಒಟ್ಟು 32.5. ಹಳೆಯದೇ ಗೆದ್ದಿತು, ಅಲ್ವಾ?

ಈಗ ಒಂದೇ ಒಂದು ಅಂಕಿ ಬದಲಿಸಿ. ರಿಪೇರಿ ಮಾಡಿದ ಗಾಡಿ 4,000 ಗಂಟೆಯ ಬದಲು 2,500 ಗಂಟೆಗೇ ಕೈಚೆಲ್ಲಿತು. ಆಗ ಹಳೆಯದರ ಖರ್ಚು ಸಾವಿರ ಗಂಟೆಗೆ 37.5. ತಕ್ಕಡಿ ತಿರುಗಿತು. ಬಡ್ಡಿ ಹೆಚ್ಚುಕಮ್ಮಿ ಆಗಲಿ, ಮೆಕ್ಯಾನಿಕ್ ಹತ್ತಿರ ಚೌಕಾಸಿ ಮಾಡಿ ಸ್ವಲ್ಪ ಇಳಿಸಲಿ, ಅದ್ಯಾವುದೂ ಇಷ್ಟು ವ್ಯತ್ಯಾಸ ತರುವುದಿಲ್ಲ. ಡೀಸೆಲ್ ಖರ್ಚು ಇದರಲ್ಲಿ ಸೇರಿಲ್ಲ. ಹೊಸ ಗಾಡಿ ಕಡಿಮೆ ಕುಡಿಯುವುದಾದರೆ ಆ ಉಳಿತಾಯವನ್ನು ಹೊಸದರ ಕಡೆ ಹಾಕಿಕೊಳ್ಳಿ.

ಹಾಗಾದರೆ ಉಳಿದ ಗಂಟೆ ಗೊತ್ತಾಗುವುದು ಹೇಗೆ? ಕರಾರುವಾಕ್ಕಾಗಿ ಗೊತ್ತಾಗುವುದಿಲ್ಲ. ಆದರೆ ಊಹೆಯನ್ನು ಸಾಕಷ್ಟು ಬಿಗಿ ಮಾಡಬಹುದು.

ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಗಾಡಿ ಐಡಲಿಂಗ್‌ನಲ್ಲಿ ಸುಮ್ನೆ ನಿಂತು ಉರಿದ ಗಂಟೆಯನ್ನೂ ಅದು ಎಣಿಸುತ್ತದೆ. ಒಂದೇ 12,000 ಗಂಟೆ ಓಡಿದ ಎರಡು ಎಂಜಿನ್‌ಗಳಲ್ಲಿ ಒಂದು ದಿನವಿಡೀ ಕಲ್ಲು ತುಂಬಿರಬಹುದು, ಇನ್ನೊಂದು ಡ್ರೈವರ್ ಊಟ ಮಾಡುವಾಗ ಏಸಿಗೆಂದು ಉರಿದಿರಬಹುದು. ಒಟ್ಟು ಎಷ್ಟು ಡೀಸೆಲ್ ಕುಡಿದಿದೆ ಎಂಬ ಲೆಕ್ಕ ಇದ್ದರೆ ಎಂಜಿನ್ ಎಷ್ಟು ದುಡಿದಿದೆ ಎನ್ನುವುದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಂಪನಿಯವರು ಹೇಳುವ ಬಿ10 ಎಂಬ ಆಯಸ್ಸನ್ನೂ ಜನ ತಪ್ಪಾಗಿ ಓದುತ್ತಾರೆ. ನೂರು ಎಂಜಿನ್‌ಗಳಲ್ಲಿ ಹತ್ತಕ್ಕೆ ಅಷ್ಟು ಹೊತ್ತಿಗೆ ದೊಡ್ಡ ಕೆಲಸ ಬಂದಿರುತ್ತದೆ ಅಂತ ಅದರ ಅರ್ಥ. ಉಳಿದ ತೊಂಬತ್ತು ಆಗಲೂ ಓಡುತ್ತಿರುತ್ತವೆ.

ಎಂಜಿನ್ ಆಯಿಲಿನಲ್ಲಿ ಸವೆದ ಲೋಹ, ಧೂಳು ಎಷ್ಟು ಬೆರೆತಿದೆ ಎಂದು ಲ್ಯಾಬಿನಲ್ಲಿ ನೋಡುವ ಆಯಿಲ್ ಪರೀಕ್ಷೆ ಮಾಡಿಸುವವರು ಕಡಿಮೆ. ನನ್ನ ಪ್ರಕಾರ ಅದರಷ್ಟು ಅಗ್ಗದ ಜ್ಯೋತಿಷ್ಯ ಇನ್ನೊಂದಿಲ್ಲ. ಕಬ್ಬಿಣ ಏರುತ್ತಿದ್ದರೆ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ರಿಂಗು, ಕ್ಯಾಮ್ ಕಡೆ ನೋಡಬೇಕು. ಸೀಸ, ತಾಮ್ರ ಏರಿದರೆ ಬೇರಿಂಗ್. ಸಿಲಿಕಾನ್ ಜಾಸ್ತಿ ಆಗಿದೆ ಅಂದರೆ ಗಾಳಿ ಫಿಲ್ಟರಿನ ದಾರಿಯಲ್ಲಿ ಎಲ್ಲೋ ಧೂಳು ನುಗ್ಗುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಎಂಜಿನ್ ತಂಪು ಮಾಡುವ ಕೂಲಂಟ್ ಆಯಿಲಿಗೆ ಸೇರುತ್ತಿರಬಹುದು. ಒಂದು ಸಲದ ವರದಿಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ನಾಲ್ಕೈದು ಸರ್ವಿಸಿನ ವರದಿ ಪಕ್ಕಪಕ್ಕ ಇಟ್ಟರೆ ಅಂಕಿ ಯಾವ ಕಡೆ ನಡೆಯುತ್ತಿದೆ ಎಂದು ಕಾಣುತ್ತದೆ.

ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರಿನಿಂದ ಹೊಗೆ ಹೊಡೆಯುತ್ತಿದೆ, ಪಿಕಪ್ ಇಲ್ಲ, ಆಯಿಲ್ ಕುಡಿಯುತ್ತಿದೆ ಅಂದರೆ ಎಲ್ಲರೂ ರಿಂಗು ಸವೆದಿದೆ ಎನ್ನುತ್ತಾರೆ. ಬಹಳ ಸಲ ಅದು ನಿಜವೇ. ಆದರೆ ಟರ್ಬೋದ ಸೀಲ್ ಹೋಗಿದ್ದರೂ, ಬ್ರೇಕಿನ ಏರ್ ಕಂಪ್ರೆಸರ್ ಸವೆದಿದ್ದರೂ ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಲ್ಲಿ ಇದೇ ಥರ ಒತ್ತಡ ಏರುತ್ತದೆ. ಕಂಪ್ರೆಸರಿನ ರಿಂಗು ಹೋಗಿದ್ದಕ್ಕೆ ಇಡೀ ಎಂಜಿನ್ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಚ್ಚುವ ಮೊದಲು ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ನೋಡಿ ಹೋಲಿಸಿ. ಆರರಲ್ಲಿ ಒಂದು ಮಾತ್ರ ಕಡಿಮೆ ಇದ್ದರೆ ಕಥೆ ಬೇರೆ, ಆರೂ ಒಟ್ಟಿಗೆ ಇಳಿದಿದ್ದರೆ ಬೇರೆ.

ಎಂಜಿನ್ ಯಾವ ಥರದ್ದು ಎನ್ನುವುದೂ ಮುಖ್ಯ. ವೆಟ್ ಲೈನರ್, ಅಂದರೆ ಸುತ್ತ ಕೂಲಂಟ್ ಹರಿಯುವ, ಬಿಚ್ಚಿ ಬದಲಿಸಬಹುದಾದ ಲೈನರ್ ಇರುವ ಎಂಜಿನ್ ಆದರೆ ಬ್ಲಾಕ್ ಕೆಳಗಿಳಿಸದೆಯೇ ಲೈನರ್, ಪಿಸ್ಟನ್, ರಿಂಗು ಬದಲಿಸಬಹುದು. ಅಂಥ ಗಾಡಿ ಎರಡನೇ ಜನ್ಮ ಪಡೆಯುವುದು ಸುಲಭ. ಲೈನರ್ ಇಲ್ಲದೆ ಬ್ಲಾಕಿನಲ್ಲೇ ಬೋರ್ ಕೊರೆದಿದ್ದರೆ ಎಂಜಿನ್ ಇಳಿಸಿ ಬೋರಿಂಗ್‌ಗೆ ಕಳಿಸಲೇಬೇಕು. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳನ್ನು ಉಳಿಸಿಕೊಳ್ಳುವುದಕ್ಕೆ ನಾನು ಸ್ವಲ್ಪ ಬೇಗ ಒಪ್ಪುತ್ತೇನೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಬಂದ ಮೇಲಿನವು ಬೇರೆಯೇ ಜಾತಿ. ಅಲ್ಲಿ ಒತ್ತಡ 2,000 ಬಾರ್ ಹತ್ತಿರ ಹೋಗುತ್ತದೆ, ಇಂಜೆಕ್ಟರಿನ ಒಳಗಿನ ಸಂದು ಕೆಲವೇ ಮೈಕ್ರಾನ್. ಡೀಸೆಲಿನಲ್ಲಿ ನೀರು ಸೇರಿದರೆ ಪಂಪಿನಿಂದ ಹಿಡಿದು ಇಂಜೆಕ್ಟರ್‌ವರೆಗೆ ಇಡೀ ಸೆಟ್ ಹೋಗಬಹುದು.

ಅದರ ಹಿಂದೆ ಹೊಗೆ ಶುದ್ಧಿ ಮಾಡುವ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್), ಯೂರಿಯಾ ಟ್ಯಾಂಕ್ ಇತ್ಯಾದಿ ಇವೆ. ಡಿಪಿಎಫ್‌ನಲ್ಲಿ ತುಂಬುವ ಮಸಿಯನ್ನು ಗಾಡಿಯೇ ಸುಮಾರು 600 ಡಿಗ್ರಿ ಬಿಸಿ ಮಾಡಿ ಸುಡುತ್ತದೆ. ಆದರೆ ಎಂಜಿನ್ ಆಯಿಲಿನಿಂದ ಬರುವ ಬೂದಿ ಸುಡುವುದಿಲ್ಲ, ಬಿಚ್ಚಿ ತೆಗೆಯಬೇಕು. ಆಯಿಲ್ ಕುಡಿಯುವ ಎಂಜಿನ್ ಇಟ್ಟುಕೊಂಡು ಹೊಸ ಡಿಪಿಎಫ್ ಹಾಕಿಸಿದರೆ ಅದೂ ಬೇಗ ಕಟ್ಟಿಕೊಳ್ಳುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಡಿಪಿಎಫ್ ಆಗಲೇ ತಂದಿಟ್ಟಿರುತ್ತಾರೆ.

ಎಂಜಿನ್ನಿನದೇ ಮಾತಾಯಿತು. ನಾನು ಕೈ ಸುಟ್ಟುಕೊಂಡದ್ದು ಮಾತ್ರ ಎಂಜಿನ್ನಿನಿಂದಲ್ಲ. ಒಂದು ಲೋಡರಿಗೆ ಫುಲ್ ಎಂಜಿನ್ ಕೆಲಸ ಮಾಡಿಸಿದೆ. ಕೆಲಸ ಅಚ್ಚುಕಟ್ಟಾಗಿ ಆಯಿತು, ಹಳೇ ಜೋರು ವಾಪಸ್ ಬಂತು. ಎರಡು ತಿಂಗಳಲ್ಲಿ ಗೇರ್‌ಬಾಕ್ಸ್ ಹೋಯಿತು. ಎಂಜಿನ್ನಿಗೆ ಅಷ್ಟು ಹಾಕಿದ ಮೇಲೆ ಗಾಡಿ ಬಿಡೋದು ಹೇಗೆ? ಗೇರ್‌ಬಾಕ್ಸ್ ಮಾಡಿಸಿದೆ. ಆಮೇಲೆ ಹೈಡ್ರಾಲಿಕ್ ಪಂಪು. ಅದನ್ನೂ ಮಾಡಿಸಿದೆ, ಅದೇ ಕಾರಣ ಹೇಳಿಕೊಂಡು. ಕೊನೆಗೆ ಬಕೆಟ್ ತೋಳಿನ ಬುಡದಲ್ಲಿ ಚಾಸಿ ಬಿರುಕು ಬಿಟ್ಟಾಗ, ಕೆಲಸ ಮಾಡಿಸಿದ ಎಂಜಿನ್ ಸಮೇತ ಗುಜರಿಯವನಿಗೆ ಕೊಟ್ಟೆ. ಆ ಬಿರುಕು ಒಂದೇ ದಿನದಲ್ಲಿ ಬಂದದ್ದಲ್ಲ. ಎಂಜಿನ್ ಬಿಚ್ಚುವ ಮೊದಲು ಗ್ರೀಸು, ಮಣ್ಣು ತೊಳೆದು ನೋಡಿದ್ದರೆ ಆಗಲೇ ಕಾಣುತ್ತಿತ್ತೇನೋ. ನಾನು ತೊಳೆಸಿರಲಿಲ್ಲ.

ಅಲ್ಲಿಂದ ಈಚೆಗೆ, ಎಂಜಿನ್ ಕೆಲಸದ ಲೆಕ್ಕ ಕೇಳುವ ಮೊದಲು ಗಾಡಿ ತೊಳೆಸುತ್ತೇನೆ. ಚಾಸಿ, ಗೇರ್‌ಬಾಕ್ಸ್, ಹೈಡ್ರಾಲಿಕ್ ನೋಡುತ್ತೇನೆ. ಚೈನಿನ ಮೇಲೆ ಓಡುವ ಯಂತ್ರವಾದರೆ ಚೈನು, ರೋಲರ್, ಸ್ಪ್ರಾಕೆಟ್ ಮೊದಲು. ಅಂಥ ಯಂತ್ರದ ಆಯಸ್ಸಿನ ರಿಪೇರಿ ಖರ್ಚಿನಲ್ಲಿ ಅರ್ಧದಷ್ಟನ್ನು ಆ ಕೆಳಭಾಗವೇ ನುಂಗಿಬಿಡಬಹುದು. ಮುಂದಿನ 2,000 ಗಂಟೆಯಲ್ಲಿ ಎಂಜಿನ್ ಬಿಟ್ಟು ಇನ್ನೆರಡು ದೊಡ್ಡ ಕೆಲಸ ಬರುವಂತೆ ಕಂಡರೆ ನಾನು ಮಾರು ಅಂತಲೇ ಹೇಳುವುದು.

ಮಾರುವುದಾದರೆ ಓಡುವಾಗಲೇ ಮಾರಿ. ನಿಂತ ಗಾಡಿಯನ್ನು ನೋಡುವ ಗಿರಾಕಿ ರಿಪೇರಿ ಖರ್ಚಷ್ಟನ್ನೇ ಕಳೆಯುವುದಿಲ್ಲ, ತನ್ನ ಹೆದರಿಕೆಗೂ ಒಂದು ಬೆಲೆ ಕಟ್ಟಿ ಕಳೆಯುತ್ತಾನೆ. ಸರ್ವಿಸ್ ಪುಸ್ತಕ, ಆಯಿಲ್ ವರದಿ ಮುಂದಿಟ್ಟರೆ ಆ ಹೆದರಿಕೆ ಇಳಿಯುತ್ತದೆ. ಮಾರುವುದಕ್ಕೆಂದೇ ಬಣ್ಣ ಹೊಡೆಸುವುದು ದಂಡ, ತಿಳಿದವರಿಗೆ ಹೊಸ ಬಣ್ಣ ಕಂಡರೇ ಅನುಮಾನ. ದೋಷ ಇದ್ದರೆ ಹೇಳಿಬಿಡಿ.

ಇನ್ನು ಮೂರನೇ ದಾರಿಯೂ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಗಾಡಿಯನ್ನು ಹಗುರ ಕೆಲಸಕ್ಕೆ ಇಳಿಸುವುದು. ದಿನಕ್ಕೆ ಹತ್ತು ಗಂಟೆ ದುಡಿಯಲಾಗದ ಲೋಡರ್ ಅಂಗಳದಲ್ಲಿ ದಿನಕ್ಕೆ ಒಂದು ಗಂಟೆ ಆರಾಮಾಗಿ ದುಡಿಯುತ್ತದೆ. ಕೆಟ್ಟು ನಿಂತರೂ ಕೆಲಸ ಕೆಡುವುದಿಲ್ಲ. ಹಳೇ ಜನರೇಟರನ್ನು ಸ್ಟ್ಯಾಂಡ್‌ಬೈ ಆಗಿ ಇಟ್ಟುಕೊಳ್ಳಬಹುದು. ಆದರೆ ತಿಂಗಳಿಗೊಮ್ಮೆ ಸುಮ್ನೆ ಚಾಲೂ ಮಾಡಿ ಹತ್ತು ನಿಮಿಷಕ್ಕೆ ಆಫ್ ಮಾಡಬೇಡಿ. ಲೋಡ್ ಇಲ್ಲದೆ ಓಡಿದರೆ ಸಿಲಿಂಡರ್ ಸರಿಯಾಗಿ ಬಿಸಿಯಾಗದೆ, ಅರ್ಧ ಉರಿದ ಡೀಸೆಲ್ ಸೈಲೆನ್ಸರಿನಲ್ಲಿ ಕಪ್ಪಗೆ ಜಿಡ್ಡು ಕಟ್ಟುತ್ತದೆ. ಕನಿಷ್ಠ ಮೂರನೇ ಒಂದು ಭಾಗ ಲೋಡ್ ಕೊಟ್ಟು ಅರ್ಧ ಗಂಟೆಯಾದರೂ ಓಡಿಸಿ.