ಮೂಳೆನೇ ಇಲ್ದೆ ಶಾರ್ಕ್ ಅಷ್ಟು ಜೋರಾಗಿ ಕಚ್ಚೋದು ಹೇಗೆ?

ಶಾರ್ಕ್ ಬಗ್ಗೆ ಮಾತು ಬಂದ್ರೆ ಸಾಕು, ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಅದರ ಮೈಯಲ್ಲಿ ಒಂದೇ ಒಂದು ಮೂಳೆನೂ ಇಲ್ಲ, ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿ, ಅಂದ್ರೆ ನಮ್ಮ ಕಿವಿಲಿ ಮೂಗಿನ ತುದಿಲಿ ಇರೋ ಕಾರ್ಟಿಲೇಜ್ ಅಂತ ಶಾಲೇಲಿ ಓದಿರ್ತಾರೆ, ಆಮೇಲೆ ತಮ್ಮ ಕಿವಿನೇ ಮಡಚಿ ನೋಡ್ಕೊಂಡು ಇಷ್ಟು ಮೆತ್ತಗಿರೋದ್ರಲ್ಲಿ ಮಾಡಿದ ದವಡೆ ಸೀಲ್‌ನ ಹೇಗೆ ಸೀಳುತ್ತೆ ಅಂತಾರೆ. ನ್ಯಾಯವಾದ ಅನುಮಾನನೇ.

ಆದ್ರೆ ಕಿವಿ ಕಾರ್ಟಿಲೇಜೇ ಬೇರೆ, ಶಾರ್ಕ್ ದವಡೆದೇ ಬೇರೆ. ದವಡೆನ ಅಡ್ಡಕ್ಕೆ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಒಳಗಡೆ ಗಾಜಿನ ತರ ನುಣ್ಣಗಿರೋ ಮೆದು ತಿರುಳು ಕಾಣುತ್ತೆ, ಅದರ ಹೊರಮೈ ಸುತ್ತ ಪುಟ್ಟ ಪುಟ್ಟ ಬಿಲ್ಲೆಗಳು, ನೆಲಕ್ಕೆ ಟೈಲ್ಸ್ ಕೂರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡು. ಟೆಸೆರಾ ಅಂತ ಕರೀತಾರೆ. ಸಾಮಾನ್ಯವಾಗಿ ಒಂದೊಂದೂ ಒಂದು ಮಿಲಿಮೀಟರ್‌ಗಿಂತ ಚಿಕ್ಕದು, ಗಟ್ಟಿ ಮಾಡಿರೋದು ನಮ್ಮ ಮೂಳೇಲಿರೋ ಕ್ಯಾಲ್ಸಿಯಂ ಫಾಸ್ಫೇಟೇ. ಬಿಲ್ಲೆ ಬಿಲ್ಲೆ ನಡುವೆ ಕೊಲಾಜೆನ್ ನಾರು ಇರುತ್ತೆ, ಹಾಗಾಗಿ ಎಳೆದ್ರೆ ಸ್ವಲ್ಪ ಜಗ್ಗುತ್ತೆ, ಒತ್ತಿದ್ರೆ ಮಾತ್ರ ಅಂಚಿಗೆ ಅಂಚು ಬಂದು ಕಚ್ಕೊಂಡು ಕಲ್ಲಿನ ಹಾಗೆ ನಿಂತ್ಬಿಡುತ್ತೆ. ದೊಡ್ಡ ಶಾರ್ಕ್‌ಗಳ ದವಡೇಲಿ ಈ ಟೈಲ್ಸ್ ಒಂದರ ಮೇಲೊಂದು ಹಲವು ಪದರ ಇರುತ್ತೆ. ನನಗೆ ತುಂಬಾ ಇಷ್ಟ ಆಗೋದು ಇದು ಬೆಳೆಯೋ ರೀತಿ: ನಮ್ಮ ಮೂಳೆ ಹಳೇದನ್ನ ಕರಗಿಸಿ ಹೊಸದು ಕಟ್ತಾ ಇರುತ್ತೆ, ಇಲ್ಲಿ ಅದೇನೂ ಇಲ್ಲ, ಮೀನು ದೊಡ್ಡದಾದ ಹಾಗೆ ಪ್ರತಿ ಬಿಲ್ಲೆನೂ ಅಂಚಿನಲ್ಲಿ ಒಂಚೂರು ಹಿಗ್ಗುತ್ತೆ ಅಷ್ಟೆ.

ಇನ್ನು ತೂಕ. ಕಾರ್ಟಿಲೇಜ್ ಸಾಂದ್ರತೆ ಮೂಳೆದಕ್ಕಿಂತ ಸುಮಾರು ಅರ್ಧ. ಬೇರೆ ಎಷ್ಟೋ ಮೀನುಗಳಿಗೆ ತೇಲೋಕೆ ಹೊಟ್ಟೇಲಿ ಗಾಳಿಚೀಲ ಇರುತ್ತೆ, ಶಾರ್ಕ್‌ಗೆ ಅದಿಲ್ಲ, ಎಣ್ಣೆ ತುಂಬಿದ ದೊಡ್ಡ ಲಿವರ್ ಮತ್ತೆ ಈ ಹಗುರ ಅಸ್ಥಿಪಂಜರನೇ ಮುಳುಗದ ಹಾಗೆ ಕಾಪಾಡೋದು. ನಮ್ಮಲ್ಲಿ ರಕ್ತಕಣ ಹುಟ್ಟೋದು ಮೂಳೆ ಒಳಗಿನ ಅಸ್ಥಿಮಜ್ಜೇಲಿ, ಶಾರ್ಕ್‌ಗೆ ಅದೂ ಇಲ್ವಲ್ಲ, ಮತ್ತೆ ರಕ್ತಕಣ ಎಲ್ಲಿಂದ ಅಂತ ಕೇಳಬೇಕು ನೀವು! ಗುಲ್ಮದಲ್ಲಿ (ಸ್ಪ್ಲೀನ್) ತಯಾರಾಗುತ್ತೆ, ಜೊತೆಗೆ ಅನ್ನನಾಳದ ಗೋಡೇಲಿ ಲೈಡಿಗ್ ಅಂಗ ಅಂತ ಒಂದಿದೆ, ತುಂಬಾ ಶಾರ್ಕ್‌ಗಳಲ್ಲಿ ಅಲ್ಲೂ ಆಗುತ್ತೆ.

ಹಲ್ಲು ಮಾತ್ರ ಕಾರ್ಟಿಲೇಜ್ ಅಲ್ಲ, ನಮ್ಮ ಹಲ್ಲಿನ ಒಳಗೂ ಇರೋ ಡೆಂಟಿನ್ ಅನ್ನೋ ಗಟ್ಟಿ ವಸ್ತು, ಮೇಲೆ ಎನಾಮೆಲ್ ತರದ ಗಟ್ಟಿ ಲೇಪ. ದವಡೆಗೆ ನೆಟ್ಟಿರಲ್ಲ, ಒಸಡಿನಲ್ಲಿ ಸಾಲಾಗಿ ಕೂತಿರುತ್ತೆ, ಮುಂದಿನದು ಬಿದ್ದ ಹಾಗೆ ಹಿಂದಿನದು ಮುಂದಕ್ಕೆ ಬರುತ್ತೆ, ಸಾಯೋವರೆಗೂ. ಕಾರ್ಟಿಲೇಜ್ ಬೇಗ ಕೊಳೆತು ಹೋಗೋದ್ರಿಂದ ಪಳೆಯುಳಿಕೆ ಅಂತ ಸಿಗೋದೂ ಹೆಚ್ಚಾಗಿ ಈ ಹಲ್ಲುಗಳೇ, ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್ ನಮಗೆ ಗೊತ್ತಿರೋದು ಹೆಚ್ಚಾಗಿ ಹಲ್ಲು ಮತ್ತೆ ಕೆಲವು ಬೆನ್ನೆಲುಬಿನ ಮಣಿಗಳಿಂದ.

ಉಳಿದ ಅಸ್ಥಿಪಂಜರ ಸಿಗೋದು ಅಪರೂಪ ಆದ್ದರಿಂದ ಒಂದು ತಪ್ಪು ಕಲ್ಪನೆ ತುಂಬಾ ಕಾಲ ಉಳ್ಕೊಂಡಿತ್ತು. ನಾವೂ ತಾಯಿ ಹೊಟ್ಟೇಲಿದ್ದಾಗ ನಮ್ಮ ಅಸ್ಥಿಪಂಜರದ ಬಹುಪಾಲು ಮೊದಲು ಕಾರ್ಟಿಲೇಜೇ, ಆಮೇಲೆ ಮೂಳೆ ಆಗುತ್ತೆ. ಅದನ್ನ ನೋಡಿ ಶಾರ್ಕ್ ಅಂದ್ರೆ ಆ ಮೊದಲ ಹಂತದಲ್ಲೇ ನಿಂತುಹೋದ ಹಳೇ ಪ್ರಾಣಿ, ಮೂಳೆ ಆಮೇಲೆ ಹುಟ್ಟಿದ್ದು ಅಂದ್ಕೊಂಡಿದ್ರು. 2020ರಲ್ಲಿ ಮಂಗೋಲಿಯಾದ ಒಂದು ಮೀನಿನ ತಲೆಬುರುಡೆ ವಿವರ ಹೊರಗೆ ಬಂತು, ಹೆಸರು ಮಿಂಜಿನಿಯಾ, ಸುಮಾರು 41 ಕೋಟಿ ವರ್ಷ ಹಳೇದು, ಶಾರ್ಕ್ ವಂಶ ಮತ್ತೆ ಮೂಳೆಮೀನುಗಳ ವಂಶ ಕವಲಾಗೋದಕ್ಕೂ ಮುಂಚೆ ಬೇರೆ ಆಗಿದ್ದ ಕೊಂಬೆಯದು. ಸ್ಕ್ಯಾನ್ ಮಾಡಿ ನೋಡಿದ್ರೆ ಬುರುಡೆ ಒಳಗೆ ಸ್ಪಂಜಿನಂಥ ನಿಜವಾದ ಮೂಳೆ! ಅಂದ್ರೆ ಶಾರ್ಕ್‌ನ ಪೂರ್ವಜರಿಗೆ ಮೂಳೆ ಬಹುಶಃ ಇತ್ತು, ಆಮೇಲೆ ಅದನ್ನ ಕಳ್ಕೊಂಡು ಈ ಟೈಲ್ಸ್ ದಾರಿಗೆ ಬಂದಿವೆ.