ಬರೆಯೋಕೆ ಮಾತ್ರ ಬರುವ ಯಂತ್ರ
ಲ್ಯಾಪ್‌ಟಾಪ್ ತೆರೆದು ಒಂದು ಸಾಲು ಬರೆದು, ಒಂದು ಪದದ ಅರ್ಥ ನೋಡೋಣ ಅಂತ ಬ್ರೌಸರ್‌ಗೆ ಹೋದವನು ಮುಕ್ಕಾಲು ಗಂಟೆ ಆದ ಮೇಲೆ ಯಾವುದೋ ವಿಡಿಯೋ ನೋಡುತ್ತಾ ಕೂತಿರುತ್ತಿದ್ದೆ. ಹಾಗಾಗಿ ಹಳೆಯ ಆಲ್ಫಾಸ್ಮಾರ್ಟ್ ನಿಯೋ ಒಂದನ್ನು ತಗೊಂಡೆ.

2004ರಲ್ಲಿ ಬಂದ ಯಂತ್ರ ಇದು. ತಯಾರಿಕೆ 2013ರಲ್ಲೇ ನಿಂತಿದೆ, ಈಗ ಸೆಕೆಂಡ್ ಹ್ಯಾಂಡ್ ಮಾತ್ರ. ಪೂರ್ತಿ ಅಳತೆಯ ಕೀಬೋರ್ಡ್, ಅದರ ಮೇಲೆ ಕೆಲವೇ ಸಾಲು ತೋರಿಸುವ ಕಪ್ಪು-ಬಿಳುಪು ಪರದೆ, ಅಷ್ಟೇ. ಇಂಟರ್ನೆಟ್ ಇಲ್ಲ. ಮೂರು ಎಎ ಬ್ಯಾಟರಿ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಆನ್ ಮಾಡಿದ ತಕ್ಷಣ ನಿನ್ನೆ ನಿಲ್ಲಿಸಿದ ಜಾಗದಲ್ಲೇ ಕರ್ಸರ್ ಮಿಣುಕುತ್ತಿರುತ್ತದೆ. ಸೇವ್ ಮಾಡುವ ಗೋಜೂ ಇಲ್ಲ.

ನನಗೆ ಜಾಸ್ತಿ ಇಷ್ಟ ಆಗಿದ್ದು ಆ ಸಣ್ಣ ಪರದೆ. ಹಿಂದೆ ಬರೆದಿದ್ದು ಕಣ್ಣಿಗೆ ಬೀಳದ ಕಾರಣ ಅದನ್ನೇ ತಿದ್ದುತ್ತಾ ಕೂರೋದು ತಪ್ಪಿ, ಸುಮ್ನೆ ಮುಂದಕ್ಕೆ ಹೋಗ್ತಾ ಇರ್ತೀನಿ. ತಿದ್ದೋದು ಆಮೇಲೆ, ಕಂಪ್ಯೂಟರ್‌ನಲ್ಲಿ. ಅಲ್ಲಿಗೆ ಕಳಿಸುವ ರೀತಿಯೂ ತಮಾಷೆ: ಯುಎಸ್‌ಬಿ ಕೇಬಲ್ ಸಿಕ್ಕಿಸಿ ಸೆಂಡ್ ಒತ್ತಿದರೆ ಅದು ಕೀಬೋರ್ಡ್ ಥರ ನಟಿಸಿ ಒಂದೊಂದೇ ಅಕ್ಷರ ಟೈಪ್ ಮಾಡುತ್ತಾ ಹೋಗುತ್ತದೆ. ಉದ್ದದ ಬರಹ ಆದರೆ ಎದ್ದು ಕಾಫಿ ಮಾಡಿಕೊಂಡು ಬರಬಹುದು.

ಕೊರತೆ ಇಲ್ವಾ? ಇದೆ. ಪರದೆಗೆ ಬೆಳಕಿಲ್ಲ, ಕತ್ತಲಲ್ಲಿ ಏನೂ ಕಾಣಲ್ಲ. ಕನ್ನಡ ಅಕ್ಷರ ಅಂತೂ ಮೂಡೋದೇ ಇಲ್ಲ. ಆದರೆ ಅದು ಕಳಿಸೋದು ಬರೀ ಕೀ ಒತ್ತುಗಳನ್ನು ಅಲ್ವಾ, ಕಂಪ್ಯೂಟರ್‌ನಲ್ಲಿ ಕನ್ನಡ ಕೀಬೋರ್ಡ್ ಆನ್ ಮಾಡಿಟ್ಟರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದೆಲ್ಲ ಅಲ್ಲಿ ಕನ್ನಡವಾಗಿ ಇಳಿಯುತ್ತದೆ. ಕಾಗುಣಿತ ಅಲ್ಲಲ್ಲಿ ಎಡವಟ್ಟು, ನನ್ನ ಬೆರಳಿನದೇ ತಪ್ಪು.